ಗಂಡನ ಹೆಸರಿನ ಕಾಲಂ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳುವುದು ಸುಲಭ. ತಾಲ್ಲೂಕು ಕಚೇರಿಗೆ ಬರೆದುಕೊಟ್ಟ ವಿವರಣೆಯಲ್ಲೂ ಇದೇ ಮೊದಲ ಸಾಲು. ಅಲ್ಲಿ ಮಾತ್ರ 'ಕಣ್ತಪ್ಪಿನಿಂದ' ಎಂದು ಸೇರಿಸಿದ್ದೆ. ಅದು ಸುಳ್ಳು. ಕಣ್ಣು ನೆಟ್ಟಗೇ ಇತ್ತು, ಜಾಣತನ ಸ್ವಲ್ಪ ಹೆಚ್ಚಾಗಿತ್ತು.

ನಾನು ಗೌತಮಿ, ಅರಕಲಗೂಡು ತಾಲ್ಲೂಕಿನ ಸಿದ್ದನಕೊಪ್ಪಲಿನ ಶಾಲೆಯಲ್ಲಿ ಟೀಚರ್. ಮನೆ ರಾಮನಾಥಪುರದಲ್ಲಿ, ಅಮ್ಮನ ಜೊತೆ. ಪಾಠದ ಜೊತೆಗೆ ಸರ್ಕಾರ ನನ್ನ ತಲೆಗೆ ಕಟ್ಟಿರುವ ಇನ್ನೊಂದು ಕೆಲಸ ಬಿಎಲ್ಒ ಎಂಬುದು. ಅಂದರೆ ಒಂದು ಮತಗಟ್ಟೆಯ ಮತದಾರರ ಪಟ್ಟಿಯನ್ನು ನೋಡಿಕೊಳ್ಳುವವಳು. ಹದಿನೆಂಟು ತುಂಬಿದವರನ್ನು ಸೇರಿಸಬೇಕು, ಸತ್ತವರನ್ನು ತೆಗೆಯಬೇಕು, ಊರು ಬಿಟ್ಟವರು ಎಲ್ಲಿ ಹೋದರೆಂದು ಮನೆಮನೆಗೆ ಹೋಗಿ ಕೇಳಬೇಕು. ಸೇರಿಸುವುದಕ್ಕೆ ಫಾರಂ ಆರು, ತೆಗೆಯುವುದಕ್ಕೆ ಏಳು, ತಿದ್ದುವುದಕ್ಕೆ ಎಂಟು. ಇಷ್ಟನ್ನು ನಾನು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ಊರಿನಲ್ಲಿ ಎಂಟುನೂರ ಹನ್ನೆರಡು ಮತದಾರರು. ಎಲ್ಲರೂ ಕರಿಯ, ಕುಳ್ಳಿ, ಬೋರ ಎಂದು ಕರೆಯುವ ಮನುಷ್ಯರಿಗೆ ಕಾಗದದ ಮೇಲೆ ಎಂಥೆಂಥ ಒಳ್ಳೆಯ ಹೆಸರುಗಳಿವೆ ಎನ್ನುವುದು ಅವರ ಮನೆಯವರಿಗಿಂತ ನನಗೇ ಚೆನ್ನಾಗಿ ಗೊತ್ತು.

ನನಗೆ ಈ ಕೆಲಸ ಬಂದ ಮೊದಲ ವರ್ಷವೇ ತಿಮ್ಮಪ್ಪನವರ ಸಂಸಾರ ಈ ಊರಿಗೆ ಬಂತು. ಹಾಸನದ ಹತ್ತಿರದ ಬೂವನಹಳ್ಳಿ ಕಡೆಯವರು. ವಿಮಾನ ನಿಲ್ದಾಣಕ್ಕೆಂದು ಜಮೀನು ಹೋದಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಇದ್ದು, ಕೊನೆಗೆ ಸಿದ್ದನಕೊಪ್ಪಲಿನಲ್ಲಿ ನಾಲ್ಕು ಎಕರೆ ಕೊಂಡು ಶುಂಠಿ, ಜೋಳ ಹಾಕಿಕೊಂಡರು. ತಿಮ್ಮಪ್ಪ ಚುರುಕಿನ ಮನುಷ್ಯ. ಬಂದ ತಿಂಗಳಲ್ಲೇ ತಾವೇ ಅರಕಲಗೂಡಿಗೆ ಹೋಗಿ ತಮ್ಮ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡು ಬಂದರು. ಹೆಂಡತಿಯದನ್ನು ಮರೆತುಬಂದಿದ್ದರು. ಹಾಗಾಗಿ ಒಂದು ಮಧ್ಯಾಹ್ನ ನಾನು ಫಾರಂ ಹಿಡಿದು ಅವರ ಅಂಗಳದಲ್ಲಿ ನಿಂತಿದ್ದೆ. ಅನಸೂಯಮ್ಮ ಬಿತ್ತನೆ ಶುಂಠಿಯ ಮಣ್ಣು ಕೊಡವುತ್ತ ಕುಳಿತಿದ್ದರು.

ಹೆಸರು ಕೇಳಿದೆ, ಹೇಳಿದರು. ವಯಸ್ಸು ಕೇಳಿದೆ. "ನೀವೇ ಮಖ ನೋಡಿ ಬರ್ಕಳಿ" ಎಂದರು. ಆಧಾರ್ ಕಾರ್ಡು ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಯಜಮಾನರ ಸೊಂಟದಲ್ಲಿ, ಯಜಮಾನರು ಸಂತೆಯಲ್ಲಿ. ನಾಳೆ ಜೆರಾಕ್ಸ್ ಕಳಿಸುತ್ತೇವೆ ಎಂದರು. ಸರಿ ಎಂದು ಮುಂದಿನ ಕಾಲಮ್ಮಿಗೆ ಬಂದೆ.

"ಗಂಡನ ಹೆಸರು ಹೇಳಿ."

"ಏಳು..." ಎಂದು ನಿಲ್ಲಿಸಿದರು.

ಈ ಕಡೆಯವರು 'ಹೇಳು' ಎನ್ನುವುದನ್ನು 'ಏಳು' ಎನ್ನುತ್ತಾರೆ. ನನ್ನ ಮಾತನ್ನೇ ತಿರುಗಿಸಿ ನನಗೆ ಹೇಳುತ್ತಿದ್ದಾರೆ ಎಂದುಕೊಂಡು, ಬಿಸಿಲಿಗೆ ನನಗೂ ಸಿಟ್ಟು ನೆತ್ತಿಗೇರಿ, "ನಾನಲ್ಲಮ್ಮ, ನೀವು ಹೇಳಬೇಕು" ಎಂದೆ.

"ಏಳು ಬೆಟ್ಟದ ಒಡೆಯ, ಅವ್ನ ಎಸ್ರು," ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಓಹೋ, ಗಂಡನ ಹೆಸರು ಬಾಯಲ್ಲಿ ಹೇಳದ ಪೈಕಿ. ಇದೇನು ನನಗೆ ಹೊಸದಲ್ಲ. ನನ್ನ ಅಮ್ಮ ಅಂಬುಜಮ್ಮ ಪಡಿತರದ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಜನಗಣತಿಯವರ ಮುಂದೆ ಇದೇ ಮಾತನ್ನು ಹೇಳುತ್ತಿದ್ದುದನ್ನು ಕೇಳಿಕೊಂಡೇ ಬೆಳೆದವಳು ನಾನು. "ಏಳು ಬೆಟ್ಟದ ಸ್ವಾಮಿ ಹೆಸರು ಬರ್ಕೊಳಿ" ಎನ್ನುತ್ತಿದ್ದರು. ಅವರು ಬರೆದುಕೊಳ್ಳುತ್ತಿದ್ದರು. ನಾನೂ ಎರಡನೇ ಯೋಚನೆ ಇಲ್ಲದೆ, ದುಂಡಗೆ, ಸೊನ್ನೆ ಕೂಡ ತಪ್ಪದಂತೆ ಬರೆದೆ: ವೆಂಕಟರಮಣ.

ಮರುದಿನ ಆಧಾರ್ ಜೆರಾಕ್ಸ್ ಶಾಲೆಗೆ ಬಂತು. ಹುಟ್ಟಿದ ವರ್ಷ ನೋಡಿದೆ, ಫಾರಮ್ಮಿಗೆ ಪಿನ್ ಹೊಡೆದೆ, ಕಳಿಸಿದೆ. ಅದರಲ್ಲಿ ಗಂಡನ ಹೆಸರೂ ಇತ್ತು. ನಾನು ಓದಲಿಲ್ಲ. ಗೊತ್ತಿರುವುದನ್ನು ಯಾರಾದರೂ ಓದುತ್ತಾರೆಯೇ?

ಎರಡು ತಿಂಗಳಿಗೆ ಅಂಚೆಯಲ್ಲಿ ಗುರುತಿನ ಚೀಟಿ ಬಂತಂತೆ. ಫೋಟೊ ಚೆನ್ನಾಗಿ ಬಂದಿದೆಯೆಂದು ಮನೆಯವರೆಲ್ಲ ನೋಡಿದರಂತೆ. ಅಕ್ಷರ ಯಾರೂ ನೋಡಲಿಲ್ಲ. ಪೆಟ್ಟಿಗೆ ಸೇರಿತು.

ಮುಂದಿನ ಮೇನಲ್ಲಿ ವಿಧಾನಸಭೆ ಚುನಾವಣೆ. ಮತಗಟ್ಟೆ ನಮ್ಮ ಶಾಲೆಯೇ, ಅದೂ ನನ್ನ ಐದನೇ ತರಗತಿಯ ಕೋಣೆ. ಬಿಎಲ್ಒ ಆದವಳು ಆ ದಿನ ಹೊರಗೆ ಮೇಜು ಹಾಕಿಕೊಂಡು ಕೂತು, ಬಂದವರಿಗೆ ಪಟ್ಟಿಯಲ್ಲಿ ಅವರ ಕ್ರಮಸಂಖ್ಯೆ ಹುಡುಕಿಕೊಡಬೇಕು. ಒಳಗೆ ಹೋಗುವ ಹಾಗಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಅನಸೂಯಮ್ಮ ಒಳಗೆ ಹೋದದ್ದನ್ನು ನೋಡಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಜೋರು ನಗು ಕೇಳಿತು. ಆಕೆ ಹೊರಬಂದು, ತಲೆ ಎತ್ತದೆ, ನನ್ನ ಮೇಜಿನ ಮುಂದೆಯೇ ಹಾದು ಗೇಟು ದಾಟಿ ಹೋದರು. ಬೆರಳಿನಲ್ಲಿ ಶಾಯಿ ಇತ್ತೋ ಇಲ್ಲವೋ ನಾನು ಗಮನಿಸಲಿಲ್ಲ. ಗಮನಿಸಬೇಕಿತ್ತು.

ಇದೆಲ್ಲ ಐದು ವರ್ಷದ ಹಿಂದಿನ ಮಾತು.

ಈ ವರ್ಷ ಮತ್ತೆ ವಿಧಾನಸಭೆ ಚುನಾವಣೆ ಬರುವುದಿತ್ತು. ಏಪ್ರಿಲ್ ಒಂದಕ್ಕೆ ಹದಿನೆಂಟು ತುಂಬುವವರನ್ನೂ ಸೇರಿಸಿಕೊಳ್ಳಿ ಎಂದು ಆದೇಶ ಬಂದಿತ್ತು. ಫೆಬ್ರವರಿಯ ಒಂದು ಶನಿವಾರ ಶಾಲೆ ಬಿಟ್ಟಮೇಲೆ ತಿಮ್ಮಪ್ಪನವರ ಮನೆಗೆ ಹೋದೆ. ಅವರ ಮಗ ರವೀಂದ್ರನ ಮಗಳು ಸ್ಪಂದನಾ ಹೊಳೆನರಸೀಪುರದ ಕಾಲೇಜಿಗೆ ಹೋಗುವ ಹುಡುಗಿ. ತನ್ನ ಫಾರಂ ಆರನ್ನು ಮೊಬೈಲಿನಲ್ಲೇ ತುಂಬಿಟ್ಟಿದ್ದಳು. ಫೋಟೊ, ಹತ್ತನೇ ತರಗತಿಯ ಅಂಕಪಟ್ಟಿ, ಆಧಾರ್, ಎಲ್ಲ ಸರಿಯಾಗಿತ್ತು. ನಾನು ಸ್ಥಳಕ್ಕೆ ಬಂದು ನೋಡಿದೆನೆಂದು ಒತ್ತುವುದಷ್ಟೇ ಬಾಕಿ. 'ತಂದೆಯ ಹೆಸರು' ಎಂಬಲ್ಲಿ ರವೀಂದ್ರ ಎಂದು ಮೂರು ಸೆಕೆಂಡಿನಲ್ಲಿ ಹೊಡೆದಿದ್ದಳು.

ತಿಮ್ಮಪ್ಪ ಜಗಲಿಯ ಮೇಲೆ ಕೂತು ಖುಷಿಯಲ್ಲಿದ್ದರು. "ನಮ್ ಮನೇಲೀಗ ಐದ್ ಓಟಾಯ್ತು ಮೇಡಮ್ಮೋರೆ. ಐದೂ ಒಂದ್ಕಡೇಕೇ. ನಾನ್ ಏಳ್ದಂಗೆ ಒತ್ತದು, ಬರದು, ಅಷ್ಟೆಯ."

"ನಾನು ಯಾರಿಗೊತ್ತಿದ್ರೂ ನಿಂಗೆ ಗೊತ್ತಾಗಲ್ಲ ತಾತ," ಎಂದಳು ಸ್ಪಂದನಾ.

"ನಿಮ್ಮಜ್ಜಿ ನೋಡಿ ಕಲಿಯವ್ವ. ಬೂವನಳ್ಳೀಲಿದ್ದಾಗ ಒಂದ್ಸಲಾನಾರೆ ನನ್ ಮಾತು ಮೀರಿದ್ಲಾ?"

ಅಷ್ಟರಲ್ಲಿ ಅನಸೂಯಮ್ಮ ಒಳಗಿನಿಂದ ಕಾಫಿ ತಂದರು. ಲೋಟ ಕೊಟ್ಟು, "ಮೇಡಮ್ಮೋರೆ, ಅಂಗೇ ಇತ್ಲಿಗೆ ಬನ್ನಿ, ಕರಿಬೇವು ಕೊಡ್ತೀನಿ" ಎಂದು ಹಿತ್ತಲಿಗೆ ಕರೆದರು. ಕರಿಬೇವಿನ ಗಿಡದ ಹತ್ತಿರ ಹೋದಮೇಲೆ ಕರಿಬೇವನ್ನು ಮುಟ್ಟಲೂ ಇಲ್ಲ.

"ನಂದೊಂದು ಎಸ್ರು ತಗ್ದಾಕ್ಬುಡಿ ಲಿಸ್ಟಿಂದ."

"ಯಾಕಮ್ಮ? ಊರು ಬಿಡ್ತಿದೀರಾ?"

"ಇಲ್ಲ."

"ಮತ್ತೆ? ಬದುಕಿರೋರನ್ನ ಸುಮ್ಮಸುಮ್ಮನೆ ತೆಗೆಯೋಕೆ ನನಗೆ ಅಧಿಕಾರ ಇಲ್ಲ," ಎಂದೆ. ನನ್ನ ಧ್ವನಿ ಸ್ವಲ್ಪ ಗಡುಸಾಗಿಯೇ ಇತ್ತು. ಎಂಟುನೂರು ಜನರಲ್ಲಿ ದಿನಕ್ಕೊಬ್ಬರು ಏನಾದರೊಂದು ವರಾತ ತೆಗೆಯುತ್ತಾರೆ.

ಆಗ ಹೇಳಿದರು. ಕಳೆದ ಸಲ ಒಳಗೆ ಹೋದಾಗ ಪಟ್ಟಿ ಹಿಡಿದ ಅಧಿಕಾರಿ ಜೋರಾಗಿ ಓದಿದನಂತೆ: "ಅನಸೂಯಮ್ಮ, ಗಂಡ ವೆಂಕಟರಮಣ." ಪಕ್ಷಗಳ ಏಜೆಂಟರ ಬೆಂಚಿನಲ್ಲಿ ಕೂತಿದ್ದ ಶಿವರಾಜು, ಹೊಗೆಸೊಪ್ಪು ಬೆಳೆಯುವವನು, ಬಾಯಿ ಸುಮ್ಮನಿರದವನು, "ನಮ್ ಮಿಲ್ ವೆಂಕಟ್ರಮಣಂಗೆ ಯಾವಾಗ್ಲಾ ಮದ್ವೆ ಆಯ್ತು? ಊಟಾನೇ ಆಕ್ಸಲಿಲ್ವಲ್ಲ!" ಎಂದನಂತೆ. ಮಿಲ್ ವೆಂಕಟರಮಣ ಊರಿನ ಹಿಟ್ಟಿನ ಮಿಲ್ಲಿನವರು. ಐವತ್ತು ದಾಟಿದ ಬ್ರಹ್ಮಚಾರಿ, ಹೆಂಗಸರು ರಾಗಿ ತಂದರೆ ತಲೆ ಎತ್ತಿ ಕೂಡ ನೋಡದ ಮನುಷ್ಯ. ಅವರೂ ಅದೇ ಹೊತ್ತಿಗೆ ಗಂಡಸರ ಸಾಲಿನಲ್ಲಿ ಬಾಗಿಲಲ್ಲೇ ನಿಂತಿದ್ದರಂತೆ. ಕೋಣೆಯೆಲ್ಲ ನಕ್ಕಿತು. ಅಧಿಕಾರಿ, "ಸರಿಯಾಗಿ ಹೇಳಿಮ್ಮ, ನಿಮ್ಮ ಗಂಡನ ಹೆಸರೇನು?" ಎಂದು ಕೇಳಿದ. ಹೇಳಿದ್ದರೆ ಮುಗಿಯುತ್ತಿತ್ತು. ಇವರ ಬಾಯಿಂದ ಹೆಸರು ಹೊರಡಲಿಲ್ಲ. ತಿರುಗಿ ಬಂದುಬಿಟ್ಟರು. ಮನೆಯಲ್ಲಿ ಬಿಸಿಲಿಗೆ ತಲೆ ಸುತ್ತು ಬಂತೆಂದು ಹೇಳಿದರು. ಆಮೇಲೆ ಬಂದ ಎರಡು ಚುನಾವಣೆಗೂ ಮಂಡಿನೋವು ಎಂದರು.

"ಯಜಮಾನರಿಗೆ ಹೇಳಲಿಲ್ಲವಾ?"

"ಏಳಿದ್ರೆ ಮಿಲ್ಲಿನೋರ ಮೇಲೆ ಓಗೋರು. ಆ ಪಾಪದೋರು ಏನ್ ಮಾಡವ್ರೆ?" ಆಮೇಲೆ, "ನಲವತ್ತೊರ್ಸ ಸಂಸಾರ ಮಾಡಿವ್ನಿ ಮೇಡಮ್ಮೋರೆ. ಊರ್ನೋರ ಮುಂದೆ ಇನ್ನೊಬ್ರ ಎಂಡ್ತಿ ಅನ್ನಿಸ್ಕಂಡು ಬಂದೆ. ಇನ್ನೊಂದ್ಸಲ ಆ ರೂಮ್ನಾಗೆ ಕಾಲಿಕ್ಕಕಿಲ್ಲ. ಎಸ್ರೇ ಇಲ್ದಿದ್ರೆ ಯಾರೂ ಕರೆಯಕೂ ಇಲ್ಲ. ತಗ್ದಾಕಿ" ಎಂದರು.

ಚೀಟಿ ತರಿಸಿ ನೋಡಿದೆ. ಐದು ವರ್ಷ ಪೆಟ್ಟಿಗೆಯಲ್ಲಿದ್ದದ್ದು ಹೊಸದರ ಹಾಗೇ ಇತ್ತು. ಗಂಡನ ಹೆಸರು: ವೆಂಕಟರಮಣ. ಸೊನ್ನೆ ಕೂಡ ತಪ್ಪಿರಲಿಲ್ಲ. ಅಂಗಳದ ಬಿಸಿಲು, ಶುಂಠಿಯ ಮಣ್ಣು, ಬಾಯಿಗೆ ಒತ್ತಿದ ಸೆರಗು, ಎಲ್ಲ ಒಟ್ಟಿಗೆ ನೆನಪಾಯಿತು. ಅವರ ಮನೆಯಲ್ಲಿ ಏಳು ಬೆಟ್ಟದ ಒಡೆಯ ತಿಮ್ಮಪ್ಪ. ನಮ್ಮ ಮನೆಯಲ್ಲಿ ವೆಂಕಟರಮಣ. ದೇವರು ಒಬ್ಬನೇ ಇರಬಹುದು, ಗಂಡಂದಿರು ಬೇರೆ. ನನಗೆ ನಾಚಿಕೆಯಾಯಿತು. ನಕ್ಕವನು ಶಿವರಾಜು, ನಗುವುದಕ್ಕೆ ಬರೆದುಕೊಟ್ಟವಳು ನಾನು.

"ಇದನ್ನ ಬರೆದವಳು ನಾನೇ ಅಮ್ಮ," ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ನನ್ನ ಮುಖ ನೋಡಿ, "ನೀವ್ ಓದಿರೋರು, ಸರ್ಯಾಗ್ ಬರ್ದಿರ್ತೀರ, ನಾನೇ ಏನೋ ತೆಪ್ಪಾಗ್ ಏಳಿವ್ನಿ ಅಂತಿದ್ದೆ" ಎಂದರು. ಬೈದಿದ್ದರೇ ವಾಸಿಯಿತ್ತು.

"ಫಾರಂ ಏಳು ಬೇಡ. ಎಂಟು ಹಾಕ್ತೀನಿ. ತಿದ್ದಿಸಿಕೊಡ್ತೀನಿ. ತಿದ್ದಿದ ಮೇಲೂ ಬೇಡ ಅನ್ನಿಸಿದ್ರೆ ಬರಬೇಡಿ. ತೆಗೆಯೋದು ಮಾತ್ರ ಬೇಡ."

ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಕರಿಬೇವು ಕಿತ್ತುಕೊಟ್ಟರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ನನ್ನ ಅಪ್ಪನ ಹೆಸರು ವೆಂಕಟರಮಣ ಎನ್ನುವುದನ್ನು ಇಲ್ಲಿ ಹೇಳಬೇಕು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಅಮ್ಮ ಮೊರ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಪುಣ್ಯಾತ್ಗಿತ್ತಿ, ನಿಮ್ಮಪ್ಪನಿಗೆ ಸಿದ್ದನಕೊಪ್ಪಲಲ್ಲಿ ಇನ್ನೊಂದು ಸಂಸಾರ ಮಾಡಿಟ್ಟೆಯಲ್ಲೇ!" ಎಂದರು. ಆಮೇಲೆ ನಗು ನಿಲ್ಲಿಸಿ, "ಆ ಹೆಂಗಸಿಗೆ ಹೇಗಾಗಿರಬೇಡ. ಮೊದಲು ಹೋಗಿ ಸರಿ ಮಾಡಿಸು" ಎಂದರು.

ಸೋಮವಾರ ಅರ್ಧ ದಿನ ರಜೆ ಹಾಕಿ ಅರಕಲಗೂಡಿಗೆ ಹೋದೆ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕೀರ್ತಿರಾಜ್ ಎಂಬ ಗುಮಾಸ್ತ ಇದ್ದರು. ವಯಸ್ಸು ಮೂವತ್ತಕ್ಕಿಂತ ಕಡಿಮೆ, ನಿಯಮ ಮಾತ್ರ ಅಜ್ಜನಷ್ಟು. ಫಾರಂ ಎಂಟನ್ನೂ ಆಧಾರ್ ಪ್ರತಿಯನ್ನೂ ಓದಿದರು. ನಾನು ಓದದೆ ಪಿನ್ ಹೊಡೆದಿದ್ದಂಥದ್ದೇ ಪ್ರತಿ. ಅದರಲ್ಲಿ 'ತಿಮ್ಮಪ್ಪ' ಎಂದು ಸ್ಪಷ್ಟವಾಗಿಯೇ ಇತ್ತು.

"ಕಾಗುಣಿತದ ತಪ್ಪಾದ್ರೆ ಸುಲಭ ಮೇಡಂ. ಇಲ್ಲಿ ಗಂಡನೇ ಬೇರೆ ಆಗ್ತಿದ್ದಾರೆ. ಮರುಮದುವೆಯಾಗಿದ್ದರೆ ಅದಕ್ಕೆ ದಾಖಲೆ ಬೇಕಾಗುತ್ತೆ."

"ಮರುಮದುವೆ ಅಲ್ಲ ಸಾರ್, ಮೊದಲಿನಿಂದ ಒಬ್ಬರೇ."

"ಮತ್ತೆ ಈ ವೆಂಕಟರಮಣ ಯಾರು?"

ನಮ್ಮಪ್ಪ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಯಾರೂ ಅಲ್ಲ, ಬಿಎಲ್ಒ ತಪ್ಪು ಎಂದೆ. ಹಾಗಾದರೆ ಬಿಎಲ್ಒ ಒಂದು ವಿವರಣೆ ಬರೆದುಕೊಡಲಿ ಎಂದರು. ಕೊಟ್ಟರೆ ನನ್ನ ಕಡತದಲ್ಲಿ ಅದು ಉಳಿಯುತ್ತದೆ, ನೋಟೀಸು ಬರಬಹುದು ಎಂದೂ ಮೆಲ್ಲಗೆ ತಿಳಿಸಿದರು. ನನಗೆ ರೇಗಿಹೋಯಿತು. ಅವರ ಮೇಲೆ ರೇಗಲು ಕಾರಣವೇನೂ ಇರಲಿಲ್ಲ, ಅವರು ಓದಿದಷ್ಟು ನಾನು ಅವತ್ತು ಓದಿದ್ದರೆ ಸಾಕಿತ್ತು. ಬಿಳಿ ಹಾಳೆ ಕೇಳಿ ಅಲ್ಲೇ ಬರೆದುಕೊಟ್ಟೆ. ಕಣ್ತಪ್ಪಿನಿಂದ ಎಂದು. ಕೀರ್ತಿರಾಜ್ ಅದನ್ನೂ ಎರಡು ಸಲ ಓದಿ, ಸ್ವೀಕೃತಿಯ ಸಂಖ್ಯೆ ಕೊಟ್ಟರು. "ಚುನಾವಣೆ ಘೋಷಣೆಗೆ ಮುಂಚೆ ಆಗಿಬಿಡುತ್ತೆ. ಆದರೆ ಮೂಲ ಪಟ್ಟಿ ಆಗಲೇ ಪ್ರಿಂಟಾಗಿದೆ. ನಿಮ್ಮ ತಿದ್ದುಪಡಿ ಕೊನೆಯಲ್ಲಿ ಸೇರಿಸೋ ಪೂರಕ ಪಟ್ಟಿಯಲ್ಲಿ ಬರುತ್ತೆ, ನೆನಪಿಟ್ಕೊಳ್ಳಿ" ಎಂದರು.

ಮಾರ್ಚ್ ಕೊನೆಯಲ್ಲಿ ಚುನಾವಣೆ ಘೋಷಣೆಯಾಯಿತು. ತಿದ್ದಿದ ಹೊಸ ಚೀಟಿಯೂ ಬಂತು. ಮತದಾನಕ್ಕೆ ವಾರವಿರುವಾಗ, ಕ್ರಮಸಂಖ್ಯೆ ಬರೆದ ಮತದಾರರ ಸ್ಲಿಪ್ಪು ಹಂಚಲು ಹೋದವಳು ಚೀಟಿಯನ್ನು ಅನಸೂಯಮ್ಮನ ಕೈಗೇ ಕೊಟ್ಟು, "ಓದಲಾ?" ಎಂದೆ.

"ಬ್ಯಾಡ. ಸ್ಪಂದನಾ ಮೊಬೈಲ್ನಾಗೇ ನೋಡಿ ಓದವ್ಳೆ," ಎಂದರು. ಅಂದರೆ ಆಗಲೇ ಕಾಯುತ್ತಿದ್ದರು.

ಕೂತು ವಿಧಾನ ಹೇಳಿಕೊಟ್ಟೆ. ಮೊದಲನೆಯ ಅಧಿಕಾರಿ ಹೆಸರು ಕೂಗುತ್ತಾರೆ, ಚೀಟಿ ನೋಡುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಾರೆ. ಮೂರನೆಯವರು ಸ್ಲಿಪ್ಪು ಇಸಕೊಂಡು ಗುಂಡಿ ಒತ್ತಿದರೆ ಯಂತ್ರಕ್ಕೆ ಜೀವ ಬರುತ್ತದೆ. ರಟ್ಟಿನ ಮರೆಯ ಹಿಂದೆ ಹೋಗಿ ಬೇಕಾದ ಗುರುತಿನ ಮುಂದಿನ ನೀಲಿ ಗುಂಡಿ ಒತ್ತಬೇಕು. ಕೆಂಪು ದೀಪ ಹತ್ತುತ್ತದೆ, ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಒಂದು ಚೀಟಿ ಕಾಣುತ್ತದೆ, ನೀವು ಒತ್ತಿದ್ದೇ ಬಂದಿದೆಯಾ ನೋಡಿಕೊಳ್ಳಿ. ಪೀ ಎಂದು ಸದ್ದಾದರೆ ಮುಗಿಯಿತು.

"ಆ ಚೀಟಿ ಯಾರ್ ಕೈಗೂ ಸಿಗಕಿಲ್ವಾ?"

"ಇಲ್ಲ. ಒಳಗೇ ಬೀಳುತ್ತೆ."

"ಮನೇಲಿ ಕೇಳಿದ್ರೆ ಏಳ್ಬೇಕಾ?"

"ಯಾರು ಕೇಳಿದ್ರೂ ಹೇಳಬೇಕಾಗಿಲ್ಲ. ನಾನು ಕೇಳಿದ್ರೂ, ಜಿಲ್ಲಾಧಿಕಾರಿ ಕೇಳಿದ್ರೂ, ಮನೆಯವರು ಕೇಳಿದ್ರೂ."

ಅನಸೂಯಮ್ಮ ಸ್ಲಿಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಬತ್ತೀನಿ ಅಂತ ಮಾತ್ರ ಏಳಕಿಲ್ಲ. ನೋಡಾನ," ಎಂದರು.

ಮತದಾನದ ದಿನ ಬೆಳಿಗ್ಗೆ ಏಳಕ್ಕೇ ನನ್ನ ಮೇಜು ಹಾಕಿಕೊಂಡೆ, ಈ ಸಲ ಐದನೇ ತರಗತಿಯ ಕಿಟಕಿಗೆ ಹತ್ತಿರವಾಗಿ. ಒಳಗೆ ಮೊದಲನೆಯ ಅಧಿಕಾರಿಯಾಗಿ ಬಂದಿದ್ದವರು ಚನ್ನರಾಯಪಟ್ಟಣದ ಸಂಪತ್ಕುಮಾರ ಎಂಬ ಕಾಲೇಜು ಉಪನ್ಯಾಸಕರು, ಹಣೆಯಲ್ಲಿ ಒಪ್ಪವಾಗಿ ನಾಮ ಇಟ್ಟುಕೊಂಡ ಸಾಧು ಮನುಷ್ಯ. ಮೊದಲೇ ಅವರನ್ನು ಕಂಡು, ಈ ಕ್ರಮಸಂಖ್ಯೆಗೆ ಪೂರಕ ಪಟ್ಟಿಯಲ್ಲಿ ತಿದ್ದುಪಡಿ ಇದೆ ಎಂದು ಹೇಳಿದ್ದೆ. ಗುರುತು ಹಾಕಿಕೊಂಡಿದ್ದರು. ಶಿವರಾಜು ಅದೇ ಬೆಂಚು, ಅದೇ ಜಾಗ.

ಒಂಬತ್ತಾಯಿತು. ಸ್ಪಂದನಾ ಮೊದಲ ಓಟು ಹಾಕಿ ಬೆರಳಿನ ಫೋಟೊ ತೆಗೆದುಕೊಳ್ಳಲು ಗೇಟಿನಾಚೆ ಓಡಿದಳು. ಹತ್ತಾಯಿತು. ಬರುವುದಿಲ್ಲ ಎಂದುಕೊಂಡೆ. ಬರದಿದ್ದರೆ ಅದಕ್ಕೂ ಕಾರಣ ನಾನೇ. ಹತ್ತೂವರೆಗೆ ಗೇಟಿನಲ್ಲಿ ತಿಮ್ಮಪ್ಪ ಕಾಣಿಸಿದರು, ಅವರ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಹಸಿರು ಸೀರೆಯ ಅನಸೂಯಮ್ಮ. ಗಂಡಸರ ಸಾಲಿಗೆ ಅವರು, ಹೆಂಗಸರ ಸಾಲಿಗೆ ಇವರು. ಆ ಸಾಲು ಚಿಕ್ಕದು, ಇವರೇ ಮೊದಲು ಬಾಗಿಲು ತಲುಪಿದರು. ತಿಮ್ಮಪ್ಪ ಹೊಸ್ತಿಲಿಗೆ ಮೂರು ಜನ ಹಿಂದೆ ಇದ್ದರು.

ಸಂಪತ್ಕುಮಾರ ಕ್ರಮಸಂಖ್ಯೆ ಕೂಗಿ, ಪೂರಕ ಪಟ್ಟಿ ತಿರುವಿ, "ಅನಸೂಯಮ್ಮ, ಗಂಡ..." ಎನ್ನುವಷ್ಟರಲ್ಲಿ ಶಿವರಾಜು ತನ್ನ ಕೈಲಿದ್ದ ಪಟ್ಟಿಯ ಮೇಲೆ ಬೆರಳಿಟ್ಟ.

"ಸಾ, ಒಂದ್ನಿಮ್ಷ. ನಮ್ ಲಿಸ್ಟ್ನಾಗೆ ಗಂಡ ವೆಂಕಟ್ರಮಣ ಅಂತ ಐತೆ. ಓದ್ಸಲಾನೂ ಇಂಗೇ ಆಗಿತ್ತು."

ಯಾರೋ ಕಿಸಕ್ಕೆಂದರು. ನಾನು ಎದ್ದೆ. ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್, "ಮೇಡಂ, ನೀವು ಒಳಗೆ ಹೋಗಂಗಿಲ್ಲ" ಎಂದ. ಹೋಗುವಂತಿಲ್ಲ ಎನ್ನುವ ನಿಯಮ ನನಗೂ ಗೊತ್ತು. ಕಿಟಕಿಯ ಸರಳು ಹಿಡಿದು ನಿಂತೆ. ಅವನ ಪಟ್ಟಿಯ ಕೊನೆಯ ಹಾಳೆ ತಿರುಗಿಸಿ ನೋಡಿದರೆ ಮುಗಿಯುತ್ತಿತ್ತು. ಅವನು ತಿರುಗಿಸಲಿಲ್ಲ.

"ನನ್ನ ಹತ್ತಿರ ತಿದ್ದುಪಡಿ ಇದೆ," ಎಂದರು ಸಂಪತ್ಕುಮಾರ. ಆಮೇಲೆ ತಕರಾರು ಬೇಡವೆಂದೋ ಏನೋ, ಮೆತ್ತಗೆ, "ಆದರೂ ನೀವೇ ಒಂದು ಸಲ ಯಜಮಾನರ ಹೆಸರು ಹೇಳಿಬಿಡೀಮ್ಮ, ಆಗಿಹೋಗಲಿ" ಎಂದರು.

ಅನಸೂಯಮ್ಮ ಸೆರಗು ಬಾಯಿಗೆ ತಂದರು. ಕಿಟಕಿಯಿಂದ ನನಗೆ ಅವರ ಅರ್ಧ ಮುಖ ಕಾಣುತ್ತಿತ್ತು. ತಿರುಗಿ ಬಂದುಬಿಡುತ್ತಾರೆ ಎಂದುಕೊಂಡೆ.

"ಏಳು ಬೆಟ್ಟದ ಒಡೆಯ," ಎಂದರು, ಕೇಳಿಸಿಯೂ ಕೇಳಿಸದ ಹಾಗೆ.

ಸಂಪತ್ಕುಮಾರರ ಮುಖ ಅರಳಿತು. ನಾಮ ಇಟ್ಟ ಹಣೆ, ಅದಕ್ಕೆ ಗೊತ್ತಿರುವುದೇ ಹೊಳೆಯಿತು. ಕಣ್ಣಮುಂದಿನ ಪಟ್ಟಿ ನೋಡುವುದನ್ನೂ ಬಿಟ್ಟು, "ಓ, ಶ್ರೀನಿವಾಸನಾ?" ಎಂದರು.

ಆಗ ಶಿವರಾಜು, "ಮೂರ್ನೇದು ಬಂತಲ್ಲಪ್ಪ!" ಎಂದ. ಕೋಣೆ ಮತ್ತೆ ನಕ್ಕಿತು.

ಅನಸೂಯಮ್ಮ ಸೆರಗು ಬಿಟ್ಟರು.

"ಯಾವ ಸೀನಿವಾಸನೂ ಅಲ್ಲ, ಯಾವ ವೆಂಕಟ್ರಮಣನೂ ಅಲ್ಲ! ನೀವ್ ನೀವೇ ಒಬ್ಬೊಬ್ರು ಒಂದೊಂದ್ ಗಂಡನ್ನ ಕೊಡ್ತಾ ಓಗ್ಬೇಡಿ ನಂಗೆ. ತಿಮ್ಮಪ್ಪ! ನನ್ ಗಂಡನ ಎಸ್ರು ತಿಮ್ಮಪ್ಪ! ಬೂವನಳ್ಳಿ ತಿಮ್ಮಪ್ಪ! ಇನ್ನೊಂದ್ಸಲ ಏಳ್ಬೇಕಾ?"

ಬೇಕಾಗಿರಲಿಲ್ಲ. ಗೇಟಿನಾಚೆ ನಿಂತಿದ್ದವರೂ ತಿರುಗಿ ನೋಡಿದ್ದರು. ಶಿವರಾಜು ಪಟ್ಟಿಯ ಕೊನೆಯ ಹಾಳೆಗಳನ್ನು ಹುಡುಕುತ್ತಿರುವಂತೆ ತಲೆ ಬಗ್ಗಿಸಿದ. ಸಂಪತ್ಕುಮಾರರು ತಮ್ಮ ಪಟ್ಟಿ ನೋಡಿಕೊಂಡು, ಕಿವಿ ಕೆಂಪಾಗಿ, "ಸರಿ ತಾಯಿ, ತಿಮ್ಮಪ್ಪ. ಸರಿಯಾಗಿದೆ. ಮುಂದೆ ಹೋಗಿ" ಎಂದರು. ಹೊಸ್ತಿಲ ಹತ್ತಿರ ತಿಮ್ಮಪ್ಪ ಬಾಯಿ ತೆರೆದುಕೊಂಡು ನಿಂತಿದ್ದರು. ನಲವತ್ತು ವರ್ಷದಲ್ಲಿ ಹೆಂಡತಿಯ ಬಾಯಲ್ಲಿ ತಮ್ಮ ಹೆಸರನ್ನು ಕೇಳಿದ್ದು ಅದೇ ಮೊದಲು, ಅದೂ ಮೂರು ಸಲ.

ಶಾಯಿ ಹಚ್ಚಿಸಿಕೊಂಡರು. ರಿಜಿಸ್ಟರಿನಲ್ಲಿ ನಿಧಾನವಾಗಿ ಸಹಿ ಹಾಕಿದರು. ರಟ್ಟಿನ ಮರೆಯ ಹಿಂದೆ ಹೋದಮೇಲೆ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ನೀಲಿ ಗುಂಡಿ ಸಿಗಲಿಲ್ಲವೋ ಏನೋ ಎಂದು ನನಗೆ ಗಾಬರಿಯಾಗುವಷ್ಟು ಹೊತ್ತು. ಕೊನೆಗೆ ಪೀ ಎಂದಿತು. ಇಷ್ಟು ವರ್ಷ ಆ ಸದ್ದು ಕೇಳಿದರೆ ಕೆಲಸ ಮುಗಿಯಲು ಇನ್ನೆಷ್ಟು ಹೊತ್ತು ಎಂದು ಗಡಿಯಾರ ನೋಡುತ್ತಿದ್ದವಳು ನಾನು. ಅವತ್ತು ಕಣ್ಣು ಒರೆಸಿಕೊಂಡೆ.

ಹೊರಗೆ ಬಂದವರು ನನ್ನ ಮೇಜಿನ ಹತ್ತಿರ ನಿಂತರು. ಬೆರಳು ಮುಂದೆ ಹಿಡಿದು ತೋರಿಸಿದರು. ಶಾಯಿ ಉಗುರಿನ ಮೇಲಿಂದ ಚರ್ಮಕ್ಕೂ ಇಳಿದಿತ್ತು.

"ನೀರು ಕುಡೀತೀರಾ ಅಮ್ಮ?"

"ಕೊಡಿ. ಗಂಟ್ಲೆಲ್ಲ ವಣಗೋಯ್ತು."

ಅಷ್ಟರಲ್ಲಿ ತಿಮ್ಮಪ್ಪನೂ ಓಟು ಹಾಕಿ ಹೊರಬಂದರು. ಬಂದವರು ಹೆಂಡತಿಯ ಮುಂದೆ ನಿಂತು, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಕೋಪವೋ ಸಂತೋಷವೋ ಅವರಿಗೇ ತೀರ್ಮಾನವಾಗಿರಲಿಲ್ಲ.

"ಏನಮ್ಮೀ, ಊರೆಲ್ಲ ಕೇಳಂಗೆ ಕೂಗ್ಬುಟ್ಟಲ್ಲ," ಎಂದರು ಕೊನೆಗೆ.

"ಕೂಗ್ದೆ. ಏನೀಗ?"

"ಏನಿಲ್ಲ ಬುಡು." ಸ್ವಲ್ಪ ಹತ್ತಿರ ಬಂದು, ದನಿ ತಗ್ಗಿಸಿ, ಹಳೆಯ ಅಭ್ಯಾಸದಂತೆ ಕೇಳಿದರು: "ನಾನ್ ಏಳ್ದೋರಿಗೇ ಒತ್ತಿದ್ದೀಯ ತಾನೆ? ಯಾರಿಗ್ ಆಕ್ದೆ?"

ಅನಸೂಯಮ್ಮ ನೀರು ಕುಡಿದು ಮುಗಿಸಿ, ಲೋಟ ನನ್ನ ಮೇಜಿನ ಮೇಲಿಟ್ಟರು. ಸೆರಗಿನ ತುದಿಯನ್ನು ಎತ್ತಿ, ಶಾಯಿ ಹಚ್ಚಿದ ಬೆರಳಿನಿಂದಲೇ ಬಾಯಿಗೆ ಒತ್ತಿಕೊಂಡರು. ಐದು ವರ್ಷದ ಹಿಂದೆ ಅಂಗಳದಲ್ಲಿ ನೋಡಿದ್ದ ಅದೇ ಭಂಗಿ. ಈ ಸಲ ಕಣ್ಣು ನಗುತ್ತಿತ್ತು.

"ಏಳ್ಬಾರ್ದಿದ್ದ ಎಸ್ರು ಒಂದಿತ್ತು. ಅದ್ನ ಏಳಾಯ್ತು," ಎಂದರು. "ಇನ್ಮ್ಯಾಕೆ ಇದು. ಈ ಎಸ್ರು ನಾನ್ ಏಳಕಿಲ್ಲ."

ತಿಮ್ಮಪ್ಪ ನ್ಯಾಯ ಕೇಳುವವರಂತೆ ನನ್ನ ಕಡೆ ನೋಡಿದರು.

"ಕೇಳೋ ಹಾಗಿಲ್ಲ ತಿಮ್ಮಪ್ಪನವರೇ," ಎಂದೆ. "ನಿಯಮ."